ತನ್ನ ರಾಶಿಗೆ ತಾನೇ ಟೆಂಡರ್

ಶಿರಸಿ, ಸಿದ್ದಾಪುರ, ಯಲ್ಲಾಪುರ. ಪೇಪರಿನಲ್ಲಿ ಈ ಮೂರು ಹೆಸರು ಒಂದರ ಕೆಳಗೊಂದು ಕೂರುವುದು ಅಡಿಕೆ ಧಾರಣೆಯ ಪಟ್ಟಿಯಲ್ಲಿ. ಈಗ ಮೂರೂ ತಾಲೂಕಿನ ಮೊಬೈಲುಗಳಲ್ಲಿ ಇನ್ನೊಂದು ಸರಕು ಭರ್ಜರಿಯಾಗಿ ಓಡುತ್ತಿದೆ. ಅದರ ಧಾರಣೆ ಇಳಿದದ್ದೇ ಇಲ್ಲ. ಸರಕಿನ ಹೆಸರು ‘ಹೊಸ ನೀವು’.

ಮಾರುವವರೂ ಥರಾವರಿ. ಒಬ್ಬ ಜಲಪಾತದ ಮುಂದೆ ಜುಬ್ಬಾ ತೊಟ್ಟು ಕೂತು, ಹುಟ್ಟಿದಾಗಿನಿಂದ ನಾವು ಪುಕ್ಕಟೆ ಆಡುತ್ತಿರುವ ಉಸಿರನ್ನು ಫೀಸು ಪಡೆದು ಕಲಿಸುತ್ತಾನೆ. ಇನ್ನೊಬ್ಬಳು ಬ್ರಹ್ಮಾಂಡಕ್ಕೆ ಚೀಟಿ ಬರೆದರೆ ಕಾರು ಬರುತ್ತದೆ ಎನ್ನುತ್ತಾಳೆ. ಮತ್ತೊಬ್ಬನ ಪ್ರಕಾರ ಬೆಳಗ್ಗೆ ಐದಕ್ಕೆ ಎದ್ದರೆ ಬದುಕೇ ಬದಲು. ಕೊಯ್ಲಿನ ದಿನಗಳಲ್ಲಿ ನಾಲ್ಕಕ್ಕೇ ಎದ್ದು ಒಲೆ ಹೊತ್ತಿಸುತ್ತಿದ್ದ ನಮ್ಮ ಅತ್ತೆಯರ ಬದುಕು ಯಾಕೆ ಬದಲಾಗಲಿಲ್ಲವೋ! ರೀಲ್ಸ್ ಮಾಡಲಿಲ್ಲ, ಅದಕ್ಕೇ ಇರಬೇಕು.

ಎಲ್ಲದಕ್ಕೂ 21 ದಿನದ ವಾಯಿದೆ ಬೇರೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಮೂಗು ತಿದ್ದಿಸಿಕೊಂಡವರಿಗೆ ಹೊಸ ಮುಖ ರೂಢಿಯಾಗಲು ಕಡಿಮೆಯೆಂದರೂ 21 ದಿನ ಬೇಕು ಎಂದು 1960ರ ಪುಸ್ತಕದಲ್ಲಿ ಬರೆದ. ‘ಕಡಿಮೆಯೆಂದರೂ’ ಎಂಬುದು ದಾರಿಯಲ್ಲಿ ಉದುರಿಹೋಯಿತು. 2009ರಲ್ಲಿ ಲಂಡನ್ನಿನ ಸಂಶೋಧಕರು ಅಭ್ಯಾಸವೊಂದು ಬೇರೂರಲು ಸರಾಸರಿ 66 ದಿನ ಹಿಡಿಯಿತು ಎಂದರು. ಅಷ್ಟು ದಿನ ಕಾಯುವವರು ಯಾರು? ಮೂಗಿನ ಲೆಕ್ಕವೇ ಗಟ್ಟಿಯಾಯಿತು.

ಈ ಸಂತೆಯ ಜೊತೆ ಹಳೇ ಜಗಳವಿರುವುದು ಕ್ರೈಸ್ತರಿಗೆ. ನಮ್ಮ ಘಟ್ಟದ ಮೇಲೂ ಅವರಿದ್ದಾರೆ: ಕೊಂಕಣಿ ಮಾತಾಡುವ ಮನೆಗಳು, ಯಲ್ಲಾಪುರ ಕಡೆಯ ಸಿದ್ದಿಯರಲ್ಲಿ ಕೆಲವರು. ಬೂದಿ ಬುಧವಾರ ಪಾದ್ರಿಗಳು ಅವರ ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಹೋಗುವವನು ಎಂದು ನೆನಪಿಸುತ್ತಾರೆ. ‘ನೀವು ಬಂಗಾರ’ ಎಂದು ದಿನಾ ಕೇಳಿ ರೂಢಿಯಾದ ಕಿವಿಗೆ ಇದು ಎಂಥ ಮಾತು! ಹೀಗೆ ಹೇಳಿದ ಯಾವ ಕೋಚ್‌ಗೆ ಫಾಲೋವರ್ಸ್ ಉಳಿದಾರು?

ಐದನೇ ಶತಮಾನದಲ್ಲೇ ಪೆಲಾಜಿಯಸ್ ಎಂಬವನು, ಮನಸ್ಸು ಮಾಡಿದರೆ ಮನುಷ್ಯ ಪಾಪವಿಲ್ಲದೆ ಬದುಕಬಲ್ಲ ಎಂದಿದ್ದ. ಮನಸ್ಸೇ ನೆಟ್ಟಗಿಲ್ಲದವನು ಮನಸ್ಸು ಮಾಡುವುದು ಹೇಗೆ ಎಂಬುದು ಬಿಷಪ್ ಅಗಸ್ಟಿನನ ವಾದ. ದೇವರ ಕೃಪೆ ಬೇಕು, ಸ್ವಂತ ಬಲ ಸಾಲದು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಅಗಸ್ಟಿನನ ಕಡೆಗೇ ವಾಲಿತು. ಪೆಲಾಜಿಯಸ್ ಮಾತ್ರ ಸೋತಂತೆ ಕಾಣುವುದಿಲ್ಲ; ಯೂಟ್ಯೂಬ್ ತೆರೆದರೆ ಅವನೇ.

ಯೇಸು ಹೇಳಿದ ಕತೆಯೊಂದು ಲೂಕನ ಸುವಾರ್ತೆಯಲ್ಲಿದೆ. ಗುಡಿಗೆ ಇಬ್ಬರು ಬಂದರು. ಒಬ್ಬ ಫರಿಸಾಯ, ಧರ್ಮದ ಕಟ್ಟಳೆಗಳನ್ನು ಚಾಚೂ ತಪ್ಪದೆ ಪಾಲಿಸುವ ಯೆಹೂದಿ ಪಂಗಡದವನು. ಅವನು ನಿಂತುಕೊಂಡು ವಾರಕ್ಕೆರಡು ಉಪವಾಸ, ಆದಾಯದ ಹತ್ತರಲ್ಲೊಂದು ದಾನ ಎಂದು ವರದಿ ಒಪ್ಪಿಸಿದ. ನಮ್ಮ ಅಡಿಕೆ ಟೆಂಡರಿನಲ್ಲಿ ರಾಶಿ ಸುರಿಯುವವನು ಬೆಳೆಗಾರ, ಮುಟ್ಟಿ ನೋಡಿ ದರ ಬರೆಯುವವನು ವ್ಯಾಪಾರಿ. ಫರಿಸಾಯನೋ ತನ್ನ ರಾಶಿಗೆ ತಾನೇ ಟೆಂಡರ್ ಬರೆದ! ದೂರದಲ್ಲಿ ನಿಂತಿದ್ದ ಸುಂಕದವನು ಎದೆ ಬಡಿದುಕೊಂಡು ಕರುಣೆ ಬೇಡಿದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎನ್ನುತ್ತೇವಲ್ಲ, ಇಲ್ಲಿ ಸುಂಕದವನೇ ದುಃಖ ತೋಡಿಕೊಂಡ, ಫಲವೂ ಅವನಿಗೇ ಸಿಕ್ಕಿತು.

ಫರಿಸಾಯನಂತೆ ತನ್ನ ಲೆಕ್ಕ ತಾನೇ ಇಟ್ಟ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹನ್ನೆರಡು ಸದ್ಗುಣಗಳ ಪಟ್ಟಿ ಮಾಡಿ ದಿನಾ ತಪ್ಪಿಗೊಂದು ಚುಕ್ಕೆ ಹಾಕಹೊರಟವನು. ನಿನಗೆ ಸೊಕ್ಕು ಜಾಸ್ತಿ ಎಂದು ಗೆಳೆಯನೊಬ್ಬ ಹೇಳಿದ ಮೇಲೆ ವಿನಯವನ್ನು ಹದಿಮೂರನೆಯದಾಗಿ ಸೇರಿಸಿದ. ಸೊಕ್ಕು ಅಡಗಿದರೆ ಆ ವಿನಯದ ಬಗ್ಗೆಯೇ ಸೊಕ್ಕು ಬಂದೀತು ಎಂದು ತಾನೇ ಬರೆದಿಟ್ಟ. ಇಷ್ಟು ಪ್ರಾಮಾಣಿಕತೆ ಇಂದಿನ ಯಾವ ಕೋರ್ಸಿನಲ್ಲೂ ಸಿಗದು.

“ಎಲ್ಲಾ ಸರಿ ಭಾವಾ, ಕ್ರೈಸ್ತರ ಪೈಕಿಯೇ ಇಂಥವರಿಲ್ವನಾ?” ಎನ್ನುತ್ತೀರಿ. ಇಲ್ಲದೆ ಏನು! ಎಲ್ಲರ ಮನೆ ದೋಸೆಯೂ ತೂತೇ. 1952ರಲ್ಲಿ ‘ಸಕಾರಾತ್ಮಕ ಚಿಂತನೆಯ ಶಕ್ತಿ’ಯನ್ನು ಪುಸ್ತಕ ಮಾಡಿ ಮಾರಿದ ನಾರ್ಮನ್ ವಿನ್ಸೆಂಟ್ ಪೀಲ್ ನ್ಯೂಯಾರ್ಕಿನ ಪಾದ್ರಿಯೇ. ಕಾಣಿಕೆ ಹಾಕಿದರೆ ಹತ್ತುಪಟ್ಟು ವಾಪಸ್ ಎನ್ನುವ ಟೀವಿ ಬೋಧಕರಂತೂ ಫರಿಸಾಯನ ಖಾಸಾ ವಾರಸುದಾರರು.

ಹಾಗಾದರೆ ಸುಧಾರಿಸಲೇ ಬಾರದೇ? ತಪಸ್ಸುಕಾಲದ ನಲವತ್ತು ದಿನ ಚರ್ಚಿನಲ್ಲೂ ಉಪವಾಸವಿದೆ, ದಾನವಿದೆ, ಪ್ರಾರ್ಥನೆಯಿದೆ. ಆದರೆ ಅದು ಶುರುವಾಗುವ ಬೂದಿ ಬುಧವಾರ ಓದುವುದು ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ. ಉಪವಾಸವಿದ್ದರೆ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೋ, ಯಾರಿಗೂ ತಿಳಿಯದಿರಲಿ. ಪ್ರಾರ್ಥನೆಗೆ ಕೋಣೆ ಬಾಗಿಲು ಹಾಕಿಕೋ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬ ಉಪದೇಶ ಅಲ್ಲಿದೆ. ಈ ಕೊನೆಯದನ್ನು ಪಾಲಿಸುವುದು ಈಗ ಭಾರೀ ಕಷ್ಟ. ವಿಡಿಯೋ ಹಿಡಿದಿರುವುದೇ ಎಡಗೈ.