ಫ್ಯಾಟು, ಎಸ್‌ಎನ್‌ಎಫ್ಪು ಮತ್ತು ನಾನು

ಹಾಲಿನ ವಿಷಯದಲ್ಲಿ ನಮ್ಮ ಮನೆಯವರು ಯಾರಿಂದಲೂ ಹೇಳಿಸಿಕೊಳ್ಳುವವರಲ್ಲ. ಅಪ್ಪ ಚನ್ನರಾಯಪಟ್ಟಣದ ಕಡೆಯ ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಕ್ಯಾನಿನ ಮುಚ್ಚಳ ತೆಗೆದು ಮೂಸಿದರೆ ಸಾಕು, ಇದು ಯಾರ ಮನೆಯ ಹಾಲು, ಇದರಲ್ಲಿರುವುದು ಯಾರ ಬಾವಿಯ ನೀರು ಎಂದು ಹೇಳಿಬಿಡುತ್ತಾರೆ ಎಂಬ ಪ್ರತೀತಿ ಅವರ ಬಗ್ಗೆ ಊರಲ್ಲಿತ್ತು. ಅಮ್ಮ ಹಸು ಕಟ್ಟಿಯೇ ನಮ್ಮನ್ನು ಓದಿಸಿದವಳು. ಅಜ್ಜಿ ಆರು ಮಕ್ಕಳನ್ನು ಎದೆಹಾಲಲ್ಲಿ ಬೆಳೆಸಿದ್ದಲ್ಲದೆ, ಪಕ್ಕದ ಮನೆಯ ಬಾಣಂತಿಗೆ ಜ್ವರ ಬಂದಾಗ ಆ ಕೂಸಿಗೂ ಕುಡಿಸಿ ಕಳಿಸಿದವಳು. ಇಂಥ ವಂಶದಲ್ಲಿ ಹುಟ್ಟಿದ ನಾನು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದು, ನಡುರಾತ್ರಿ ಹೊದಿಕೆಯೊಳಗೆ ಮೊಬೈಲು ಹಿಡಿದುಕೊಂಡು ‘ಮಗುವಿಗೆ ಹಾಲು ಕುಡಿಸುವುದು ಹೇಗೆ’ ಎಂದು ಹುಡುಕುತ್ತಿದ್ದೆ.

ಕೇಳಬಹುದಿತ್ತಲ್ಲ ಅನ್ನುತ್ತೀರಿ. ಕೇಳಿದ್ದೆ. ಅಮ್ಮ, ‘ಅದೇನು ಕಲಿಯೋದೇ? ಮಗು ಹುಟ್ಟುತ್ತೆ, ಕುಡಿಯುತ್ತೆ’ ಅಂದಳು. ಅಜ್ಜಿಯನ್ನು ಕೇಳಿದರೆ, ‘ನಾನು ಯಾವತ್ತು ಕುಡಿಸಿದೆ? ಅವೇ ಕುಡ್ಕೊಂಡವು’ ಅಂದಳು. ಪರೀಕ್ಷೆಯ ಹಿಂದಿನ ದಿನ ಕ್ಲಾಸಿನ ಮೊದಲ ರ‍್ಯಾಂಕಿನ ಹುಡುಗಿ ‘ನಾನೇನೂ ಓದೇ ಇಲ್ಲಪ್ಪ’ ಅನ್ನುತ್ತಾಳಲ್ಲ, ಥೇಟ್ ಹಾಗೆ.

ಮೊಬೈಲು ಮಾತ್ರ ಧಾರಾಳವಾಗಿ ಹೇಳಿತು. ಹುಟ್ಟಿದ ಒಂದು ಗಂಟೆಯೊಳಗೆ ಶುರು ಮಾಡಬೇಕು. 6 ತಿಂಗಳು ಎದೆಹಾಲು ಬಿಟ್ಟು ನೀರೂ ಕೊಡಬಾರದು. ಆಮೇಲೆ ಬೇರೆ ಆಹಾರದ ಜೊತೆ 2 ವರ್ಷ, ಅದರಾಚೆಗೂ ಕುಡಿಸಬಹುದು. ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಒಪ್ಪಿದೆ. ನನ್ನ ನಿದ್ದೆ ಕೆಡಿಸಿದ್ದು ಮುಂದಿನ ಸಾಲು: ದಿನಕ್ಕೆ 8ರಿಂದ 12 ಸಲ. ಒಂದೊಂದಕ್ಕೆ ಅರ್ಧ ಗಂಟೆ ಹಿಡಿದರೂ ದಿನಕ್ಕೆ ಆರು ಗಂಟೆಯಾಯಿತು. ಬೆಂಗಳೂರಿನ ಕಂಪನಿಯಲ್ಲಿ ನಾನು ನಿಜವಾಗಿ ಕೆಲಸ ಮಾಡುತ್ತಿದ್ದುದು ಅದಕ್ಕಿಂತ ಕಡಿಮೆ. 26 ವಾರಗಳ ಹೆರಿಗೆ ರಜೆಯಲ್ಲಿ ಓದಿ ಮುಗಿಸಲೆಂದು ಒಂದು ಚೀಲ ಕಾದಂಬರಿ ಬೇರೆ ಹೊತ್ತು ತಂದಿದ್ದೆ.

ಬೆಂಗಳೂರು ಬಿಡುವ ಮೊದಲು ಒಂದು ತರಬೇತಿಗೂ ಹೋಗಿದ್ದೆವು. ಗಂಡಂದಿರೂ ಬರಬೇಕೆಂಬ ನಿಯಮ. ನಮ್ಮೆಲ್ಲರ ಕೈಗೆ ಒಂದೊಂದು ಪ್ಲಾಸ್ಟಿಕ್ ಗೊಂಬೆ ಕೊಟ್ಟು, ತೊಟ್ಟಿಲಿನ ಹಾಗೆ ಹಿಡಿಯುವುದು, ಕಂಕುಳಡಿ ಫುಟ್‌ಬಾಲಿನ ಹಾಗೆ ಹಿಡಿಯುವುದು, ಮಲಗಿಕೊಂಡು ಕುಡಿಸುವುದು ಎಲ್ಲ ಹೇಳಿಕೊಟ್ಟರು. ಮಗು ಆಕಳಿಸಿದಷ್ಟು ದೊಡ್ಡದಾಗಿ ಬಾಯಿ ತೆರೆಯಬೇಕು, ತೊಟ್ಟಷ್ಟೇ ಅಲ್ಲ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಗಲ್ಲ ಎದೆಗೆ ತಾಗಬೇಕು, ಕೆಳತುಟಿ ಹೊರಕ್ಕೆ ಮಗುಚಿರಬೇಕು. ನನ್ನ ಗೊಂಬೆ ಎರಡು ಸಲ ಕೈಜಾರಿತು. ನಮ್ಮ ಯಜಮಾನರು ತಮ್ಮ ಗೊಂಬೆಯನ್ನು ಹಿಡಿದ ಚಂದಕ್ಕೆ ಟೀಚರಮ್ಮ ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿದರು. ಅವತ್ತಿನಿಂದ ಈ ಮನುಷ್ಯ ತಾನೇ ಹಾಲು ಕುಡಿಸುವವನ ಹಾಗೆ ಮಾತಾಡತೊಡಗಿದರು. ‘ಟೆನ್ಷನ್ ತಗೋಬ್ಯಾಡ, ಅದರಾಗೇನೈತಿ, ಎಲ್ಲಾ ಪೊಸಿಷನ್‌ದಾಗ ಐತಿ’ ಎಂದು ಅವರ ಹುಬ್ಬಳ್ಳಿ ಕನ್ನಡದ ಧೈರ್ಯ.

ಈ ಅವಮಾನ ತೊಳೆದುಕೊಳ್ಳಲು ಊರಲ್ಲಿ ಗುಟ್ಟಾಗಿ ಅಭ್ಯಾಸ ಶುರುಮಾಡಿದೆ. ಗೊಂಬೆ ಇರಲಿಲ್ಲ. ಮೂರು ಕಿಲೋ ಅಕ್ಕಿ ಅಳೆದು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಟವೆಲು ಸುತ್ತಿದೆ. ಚೀಲದ ಗಂಟನ್ನೇ ತಲೆ ಎಂದುಕೊಂಡೆ. ಬಾಗಿಲು ಹಾಕಿಕೊಂಡು ಗೋಡೆಗೊರಗಿ ಕೂತು, ಗಂಟಿಗೆ ‘ಬಾಯಿ ಆ ಮಾಡು ಪುಟ್ಟಾ’ ಅನ್ನುತ್ತಿದ್ದಾಗ ಅಜ್ಜಿ ಚಿಲಕವಿಲ್ಲದ ಹಿಂಬಾಗಿಲಿಂದ ಒಳಗೆ ಬಂದಳು. ಅಕ್ಕಿಯನ್ನೂ ನನ್ನನ್ನೂ ಸಾವಕಾಶವಾಗಿ ನೋಡಿದಳು.

‘ಅಕ್ಕಿಗೆ ಹಾಲು ಹಾಕೋದು ಪಾಯ್ಸಕ್ಕೆ ಕಣೆ. ಬೆಲ್ಲ ತಂದ್ಕೊಡ್ಲಾ?’

ಅಷ್ಟು ಹೊತ್ತಿಗಾಗಲೇ ಪಕ್ಕದ ಬೀದಿಯ ಒಬ್ಬ ಹಿರಿಯರು ಬಂದು, ದಿನಾ ತೊಟ್ಟನ್ನು ಒರಟು ಟವೆಲಿನಿಂದ ಉಜ್ಜಿಕೊಂಡು ಗಟ್ಟಿ ಮಾಡಿಕೊಳ್ಳದಿದ್ದರೆ ಆಮೇಲೆ ಬಿರುಕು ಬಿಟ್ಟು ಕಣ್ಣೀರು ಹಾಕುತ್ತೀಯ ಎಂದು ಹೆದರಿಸಿ ಹೋಗಿದ್ದರು. ಡಾಕ್ಟರು, ‘ಅದೇನು ಹಿತ್ತಾಳೆ ಪಾತ್ರೆಯೇನಮ್ಮ? ಸೋಪು ಕೂಡ ಹಾಕಬೇಡ, ಬೇಕಾದ ಎಣ್ಣೆ ಅಂಶ ಅಲ್ಲೇ ಬರುತ್ತೆ. ಬಿರುಕು ಬಿಡೋದು ಮಗು ಸರಿಯಾಗಿ ಬಾಯಿ ಹಾಕದೇ ಇದ್ದಾಗ’ ಅಂದರು. ಟವೆಲು ಅಕ್ಕಿಗೇ ಖಾಯಂ ಆಯಿತು.

ಇನ್ನು ಪಂಪಿನ ಕತೆ. ಕೆಲಸಕ್ಕೆ ಮರಳಿದ ಮೇಲೆ ಬೇಕಾಗುತ್ತದೆಂದು ಎಲೆಕ್ಟ್ರಿಕ್ ಬ್ರೆಸ್ಟ್ ಪಂಪು ತರಿಸಿದ್ದೆ. ಎರಡೂ ಕಡೆಗೆ ಒಟ್ಟಿಗೆ ಹಾಕುವಂಥದ್ದು. ನಿವೃತ್ತಿಯಾದಾಗಿನಿಂದ ಮನೆಗೆ ಬರುವ ಪಾರ್ಸೆಲ್ಲುಗಳೆಲ್ಲ ತಮಗೇ ಬಂದವೆಂದು ಅಪ್ಪ ತಿಳಿದಿರುವುದು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು ಬರುವಷ್ಟರಲ್ಲಿ ಜಗಲಿಯ ಮೇಲೆ ಪೇಪರು ಹಾಸಿ ಪಂಪಿನ ಬಿಡಿಭಾಗಗಳನ್ನೆಲ್ಲ ಸಾಲಾಗಿ ಜೋಡಿಸಿದ್ದರು. ಎದುರಿಗೆ ಸಂಘದ ಈಗಿನ ಕಾರ್ಯದರ್ಶಿ ಹುಡುಗ ಕುಕ್ಕರಗಾಲಲ್ಲಿ ಕೂತಿದ್ದ.

‘ಹಾಲು ಕರೆಯೋ ಯಂತ್ರ ಕಣಯ್ಯ. ಸ್ಯಾಂಪಲ್ ಕಳಿಸವ್ರೆ. ಮೋಟ್ರು ಚಿಕ್ಕದು, ಆದ್ರೂ ಫಿನಿಶಿಂಗ್ ಚೆನ್ನಾಗದೆ. ಅದ್ಸರಿ, ಕಪ್ಪು ನಾಲ್ಕಿರಬೇಕಲ್ಲ, ಎರಡೇ ಅವೆ?’

ಹುಡುಗ ಕಪ್ಪೊಂದನ್ನು ಬೆಳಕಿಗೆ ಹಿಡಿದು ಯೋಚಿಸಿದ. ‘ಮೇಕೇದಿರಬೇಕು ಸಾರ್.’

ಆಗ ಅಪ್ಪ ಡಬ್ಬದ ಮೇಲಿನ ಚಿತ್ರ ನೋಡಿದರು. ಬಾಗಿಲಲ್ಲಿ ತುಂಬಿದ ಹೊಟ್ಟೆ ಹೊತ್ತು ನಿಂತಿದ್ದ ನನ್ನನ್ನು ನೋಡಿದರು. ಒಂದೂ ಮಾತಾಡದೆ ಕಪ್ಪು, ಕೊಳವೆ, ಮೋಟರು ಎಲ್ಲವನ್ನೂ ಇದ್ದ ಹಾಗೇ ಡಬ್ಬಕ್ಕೆ ಸೇರಿಸಿ, ಹುಡುಗನಿಗೆ ಕಾಫಿ ಕೂಡ ಕೊಡದೆ ಕಳಿಸಿದರು. ಅಷ್ಟಾದರೂ ಸಂಘದ ಜೀವ ಸುಮ್ಮನಿರಬೇಕಲ್ಲ. ಅಂಗಳದ ಹಲಸಿನ ಮರಕ್ಕೆ ಮುಖ ಮಾಡಿಕೊಂಡು ಹೇಳಿದರು: ‘ವ್ಯಾಕ್ಯೂಮ್ ಜಾಸ್ತಿ ಇಡಬಾರದು. ಪಲ್ಸೇಷನ್ನು ನಿಮಿಷಕ್ಕೆ 60 ಇದ್ರೆ ಸಾಕು. ಇಲ್ದಿದ್ರೆ ಕೆಚ್ಚಲುಬಾವು ಬರುತ್ತೆ. ಹಸುಗೆ ಹೇಳ್ತಾ ಇದೀನಿ.’

ಅಲ್ಲಿಂದ ಮುಂದೆ ನನ್ನ ಶಿಕ್ಷಣ ಹಸುವಿನ ಮೂಲಕ ನಡೆಯಿತು. ಅಪ್ಪ ನನಗೆ ನೇರವಾಗಿ ಏನನ್ನೂ ಹೇಳುತ್ತಿರಲಿಲ್ಲ. ನಾನು ಒಳಗೆ ಕೂತಿರುವುದನ್ನು ಖಾತ್ರಿ ಮಾಡಿಕೊಂಡು, ನಡುಮನೆಯಲ್ಲಿ ಅಮ್ಮನಿಗೆ, ಅಮ್ಮ ಇಲ್ಲದಿದ್ದರೆ ಟಿವಿಗೆ, ಗಟ್ಟಿಯಾಗಿ ಹೇಳುತ್ತಿದ್ದರು. ‘ಗೌರಿ ಕರು ಹಾಕಿದಾಗ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿದ್ವಿ, ಅದಕ್ಕೇ ಆ ಕರುಗೆ ಒಂದು ಕಾಯಿಲೆ ಬರಲಿಲ್ಲ.’ ‘ಕೊಟ್ಟಿಗೇಲಿ ಗಲಾಟೆ ಆದ್ರೆ ಹಸು ಹಾಲು ಇಳಿಸಲ್ಲ.’ ‘ಕರೆದಷ್ಟೂ ಬರುತ್ತೆ. ಕೆಚ್ಚಲಲ್ಲೇ ಬಿಟ್ರೆ ನಾಳೆ ಅಷ್ಟು ಕಮ್ಮಿ.’ ನಾನು ಹೊದಿಕೆಯೊಳಗೆ ಪ್ರೊಲ್ಯಾಕ್ಟಿನ್, ಆಕ್ಸಿಟೋಸಿನ್ ಎಂದು ಉರುಹೊಡೆದದ್ದೆಲ್ಲ ಇದೇ. ಮಗು ಚೀಪಿದಷ್ಟೂ ಹಾಲು ತಯಾರಾಗುತ್ತದೆ, ಗಾಬರಿಯಾದರೆ ಇಳಿಯುವುದು ತಡವಾಗುತ್ತದೆ, ಮಗುವಿನ ಅಳು ಕಿವಿಗೆ ಬಿದ್ದರೇ ಇಳಿಯುವುದೂ ಉಂಟು. ಒಮ್ಮೆ ಮಾತ್ರ ಅಪ್ಪ ಭಾವಾವೇಶಕ್ಕೆ ಒಳಗಾಗಿ, ‘ಆಕ್ಸಿಟೋಸಿನ್ ಇಂಜೆಕ್ಷನ್ ಚುಚ್ಚಿ ಹಾಲು ಕರೆಯೋರನ್ನ ಒದ್ದು ಒಳಗೆ ಹಾಕಬೇಕು’ ಎಂದು ಗುಡುಗಿದರು. ನನಗೆ ಯಾರೂ ಚುಚ್ಚುತ್ತೇನೆಂದು ಹೇಳಿರಲಿಲ್ಲ.

ತಾಯಿಹಾಲಿನ ಲೆಕ್ಕವನ್ನೂ ಒಂದು ರಾತ್ರಿ ತೆಗೆದು ನೋಡಿದೆ. ಫ್ಯಾಟು ಸುಮಾರು 4, ಅಡ್ಡಿಯಿಲ್ಲ. ಸಕ್ಕರೆ ಅಂಶ 7ರ ಹತ್ತಿರ, ಹಸುವಿಗಿಂತ ಹೆಚ್ಚು. ಪ್ರೋಟೀನು ಮಾತ್ರ ಬರೀ 1, ಹಸುವಿನದರ ಮೂರನೇ ಒಂದು ಪಾಲು. ಫ್ಯಾಟು ಬಿಟ್ಟು ಉಳಿದ ಘನಾಂಶವನ್ನೆಲ್ಲ ಕೂಡಿಸಿದರೂ, ಅಂದರೆ ಎಸ್‌ಎನ್‌ಎಫ್, ಸಂಘ ಕೇಳುವ 8.5 ಮುಟ್ಟುವ ಭರವಸೆಯಿಲ್ಲ. ಅಂದರೆ ಅಪ್ಪನ ಸಂಘದಲ್ಲಿ ನಾನು ದರ ಕಡಿತದ ಗಿರಾಕಿ. ಇದನ್ನು ತಮ್ಮನ ಹತ್ತಿರ ಹೇಳಿದ್ದೇ ತಪ್ಪಾಯಿತು. ‘ಅಕ್ಕ, ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ನಿನಗೂ ಬರುತ್ತಾ, ವಿಚಾರಿಸಲಾ?’ ಎಂದು ಊಟದ ಹೊತ್ತಲ್ಲಿ ಕೇಳಿ, ಅಮ್ಮನ ಕೈಯ ಸೌಟಿನ ಏಟು ತಿಂದ.

ಸೌಟಿಗೆ ಆಗ ಬೇರೆ ಯುದ್ಧವೂ ಇತ್ತು. ನಮ್ಮ ಕಡೆ ಬಾಣಂತಿಗೆ ಹಾಲು ಹೆಚ್ಚಲು ಸಬ್ಬಸಿಗೆ ಸೊಪ್ಪು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು. ಹುಬ್ಬಳ್ಳಿಯ ಅತ್ತೆಯವರ ಪ್ರಕಾರ ಸಬ್ಬಸಿಗೆ ಪಲ್ಯಕ್ಕೆ ಸರಿ, ಹಾಲಿಗೆ ಆಳ್ವಿಯೇ. ‘ನೋಡವಾ, ದಿನಾ ಒಂದ್ ವಾಟಗಾ ಆಳ್ವಿ ಪಾಯಸ ಕುಡದ್ರ ಸಾಕು. ಕೂಸಿಗೆ ಉಸರಾಡ್ಸಾಕ ಪುರಸೊತ್ತಿರಂಗಿಲ್ಲ, ಅಷ್ಟ್ ಹಾಲು ಬರ್ತಾವ’ ಎಂದು ಫೋನಿನಲ್ಲಿ ಹೇಳಿ, ರಾತ್ರಿ ಬಸ್ಸಿಗೆ ಆಳ್ವಿ ಬೀಜ, ಅಂಟಿನುಂಡಿ, ಒಣಕೊಬ್ಬರಿ, ಉತ್ತತ್ತಿಗಳ ಒಂದು ಡಬ್ಬಿ ಹಾಕಿಸಿದರು. ಡಬ್ಬಿಯೆಂದರೆ ಅದರಲ್ಲಿ ನಾನೇ ಕೂರಬಹುದಿತ್ತು. ಅಮ್ಮ ಸೋಲುವವಳಲ್ಲ. ಹಿತ್ತಲಲ್ಲಿ ಎರಡು ಪಾತಿ ಕಟ್ಟಿ, ಡಾಕ್ಟರು ಕೊಟ್ಟ ತಾರೀಖಿಗೆ ಸರಿಯಾಗಿ ಕೊಯ್ಲಿಗೆ ಬರುವಂತೆ ಲೆಕ್ಕ ಹಾಕಿ ಸಬ್ಬಸಿಗೆ ಬಿತ್ತಿದಳು. ಇದರ ನಡುವೆ ಆಯುರ್ವೇದದ ಅಂಗಡಿಯಿಂದ ಹಲವು ಮಕ್ಕಳ ತಾಯಿ ಬೇರಿನ ಪುಡಿಯನ್ನು ಯಾರೋ ತಂದಿಟ್ಟರು. ಡಬ್ಬದ ಮೇಲೆ ಆ ಹೆಸರು ಓದಿ ನಮ್ಮ ಯಜಮಾನರು ಅದನ್ನು ಅಟ್ಟದ ಮೇಲಿಟ್ಟರು.

ಅಜ್ಜಿಯದು ಒಂದೇ ಕಾನೂನು: ಬಾಣಂತಿ ನೀರು ಮುಟ್ಟಬಾರದು. ಡಾಕ್ಟರದೂ ಒಂದೇ: ಬಾಯಾರಿದಾಗೆಲ್ಲ ಕುಡಿ, ಎಲ್ಲ ಥರದ ಊಟ ಮಾಡು, ಹಾಲು ಬರಿಸುವುದು ಸೊಪ್ಪಲ್ಲ, ಮಗು. ಇಬ್ಬರಿಗೂ ‘ಹೂಂ’ ಅಂದೆ. ಮತ್ತು ಮಂಚದ ಕೆಳಗೆ ಮುಂಚಿತವಾಗಿಯೇ ನೀರಿನ ಬಾಟಲಿ ಬಚ್ಚಿಟ್ಟೆ.

ಮಂಚದ ಕೆಳಗೆ ಇನ್ನೂ ಒಂದು ವಸ್ತುವಿತ್ತು. ಒಂದು ವೇಳೆ ಹಾಲೇ ಬರದಿದ್ದರೆ ಎಂದು ತಂದ ಪುಡಿಹಾಲಿನ ಡಬ್ಬ. ಕಂಪನಿಯಲ್ಲಿ ಪ್ರತಿ ಪ್ರಾಜೆಕ್ಟಿಗೂ ಬ್ಯಾಕಪ್ ಇಟ್ಟುಕೊಂಡು ಬಂದವಳು ನಾನು. ಮೆಡಿಕಲ್ ಶಾಪಿನಲ್ಲಿ ಕಳ್ಳಸಾಮಾನು ಕೊಳ್ಳುವವಳ ಹಾಗೆ ಪಿಸುಗುಟ್ಟಿ ತಂದೆ. ಮನೆಗೆ ಬಂದು ಓದಿದರೆ, ನಿಮ್ಮ ಮಗುವಿಗೆ ತಾಯಿಯ ಹಾಲೇ ಶ್ರೇಷ್ಠ ಎಂದು ಡಬ್ಬವೇ ಹೇಳುತ್ತಿದೆ! 1992ರ ಕಾಯಿದೆಯ ಪ್ರಕಾರ ಹಾಗೆ ಬರೆಯಲೇಬೇಕು, ಡಬ್ಬದ ಮೇಲೆ ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ, ಜಾಹೀರಾತನ್ನೂ ಕೊಡುವಂತಿಲ್ಲ. ತನ್ನ ಮಾಲು ಎರಡನೇ ದರ್ಜೆಯದೆಂದು ದುಡ್ಡು ತೆಗೆದುಕೊಂಡು ಹೇಳುವ ವಸ್ತುವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಗು ಡಾಕ್ಟರ ತಾರೀಖಿಗೂ ಕಾಯಲಿಲ್ಲ, ಸಬ್ಬಸಿಗೆಗೂ ಕಾಯಲಿಲ್ಲ. ಪಾತಿಯಲ್ಲಿ ಬೆರಳುದ್ದದ ಹಸಿರು ಕಾಣುವಾಗಲೇ ಹೊರಟು ಬಂತು. ಅರ್ಧಚಂದ್ರಾಕಾರದ ಹಾಲೂಡಿಸುವ ದಿಂಬು ಕಾರಿನಲ್ಲಿ ಹಿಡಿಸದೆ ಜಗಲಿಯಲ್ಲೇ ಉಳಿಯಿತು. ಹೆರಿಗೆಯಾಗಿ ಸ್ವಲ್ಪ ಹೊತ್ತಿಗೆಲ್ಲ ನರ್ಸಮ್ಮ ಕೂಸನ್ನು ನನ್ನ ಎದೆಯ ಮೇಲಿಟ್ಟರು. ನಾನು ತೊಟ್ಟಿಲ ಹಿಡಿತವೋ ಫುಟ್‌ಬಾಲ್ ಹಿಡಿತವೋ ಎಂದು ನೆನಪಿಸಿಕೊಳ್ಳುತ್ತಿರುವಾಗಲೇ, ‘ತಲೆ ಹಿಂಡಬೇಡಮ್ಮ, ಹೆಗಲಿಗೆ ಕೈ ಕೊಡು’ ಎಂದು ಬೈದರು. ಮೂಲೆಯಿಂದ ಒಂದು ದನಿ ಬಂತು: ‘ಗಲ್ಲ ತಾಗಬೇಕು. ಕೆಳಗಿನ ತುಟಿ ಹೊರಗ...’ ನರ್ಸಮ್ಮ ತರಗತಿಯ ಅತ್ಯುತ್ತಮ ವಿದ್ಯಾರ್ಥಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಕೂಸು ಒಂದೆರಡು ಸಲ ಮೂಗು ಉಜ್ಜಿ, ಗಬಕ್ಕನೆ ಬಾಯಿ ಹಾಕಿತು. ಅಕ್ಕಿ ಚೀಲ ಒಮ್ಮೆಯೂ ಹೀಗೆ ಮಾಡಿರಲಿಲ್ಲ.

ಬಂದದ್ದು ಕೆಲವು ಹನಿ, ಹಳದಿ ಬಣ್ಣದ್ದು. ಕಾರಿಡಾರಿನಲ್ಲಿದ್ದ ಅಪ್ಪನಿಗೆ ಸುದ್ದಿ ಮುಟ್ಟಿತು. ಕರುವಿಗಾದರೆ ಮೈತೂಕದ ಹತ್ತನೇ ಒಂದು ಪಾಲು ಗಿಣ್ಣುಹಾಲು ಬೇಕು. 2.8 ಕಿಲೋ ಮೊಮ್ಮಗಳಿಗೆ ಅವರು 280 ಮಿಲಿ ಲೀಟರ್ ಎಂದು ಲೆಕ್ಕ ತೆಗೆದು, ಗಾಬರಿಯಾಗಿ ಡಾಕ್ಟರನ್ನೇ ಅಡ್ಡಗಟ್ಟಿದರು. ಮೊದಲ ದಿನ ಒಂದು ಸಲಕ್ಕೆ ಚಮಚದಷ್ಟಿದ್ದರೂ ಸಾಕು, ಹೊಟ್ಟೆಯೇ ಅಷ್ಟು, ಎರಡು ಮೂರು ದಿನದಲ್ಲಿ ಹಾಲು ಏರುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ, ಹಸುವಿನ ಪಾಠ ಅಲ್ಲಿಗೆ ನಿಂತಿತು. ಅತ್ತ ಫೋನಿನಲ್ಲಿ ಅತ್ತೆಯವರು, ‘ಅಲ್ಲೀತನಕ ಒಂದೀಟ ಜೇನತುಪ್ಪ ನೆಕ್ಕಿಸ್ರಿ’ ಎನ್ನಲು, ವರ್ಷ ತುಂಬುವ ತನಕ ಜೇನು ಬೇಡವೇ ಬೇಡ ಎಂದು ನರ್ಸಮ್ಮ ಫೋನು ಕಸಿದುಕೊಂಡು ಹುಬ್ಬಳ್ಳಿಗೇ ಹೇಳಿದರು.

ಮನೆಗೆ ಬಂದ ಮಾರನೆಯ ದಿನ ಆಶಾ ಕಾರ್ಯಕರ್ತೆ ಬಂದಳು. ಮಗುವಿನ ಮೂರನೇ ದಿನದಿಂದ 42ನೇ ದಿನದವರೆಗೆ ಆರು ಸಲ ಬರುವುದು ಅವಳ ಕರ್ತವ್ಯ. ತೂಗಿದಳು. 2.6. ಮನೆಯಲ್ಲಿ ಎದೆ ಧಸಕ್ಕೆಂದ ಸದ್ದು ಕೇಳಿಸುವಂತಿತ್ತು. ಆಳ್ವಿ ಹಾಕದ್ದಕ್ಕೆ ಹೀಗಾಯಿತೆಂದು ಅತ್ತೆಯವರಿಗೆ ತಿಳಿದರೆ ಗತಿಯೇನೆಂದು ಅಮ್ಮನ ಮುಖ ಸಣ್ಣದಾಯಿತು. ‘ಹುಟ್ಟಿದ ಮೇಲೆ ಅಷ್ಟು ಇಳಿಯೋದು ಇದ್ದಿದ್ದೇ, ಎರಡು ವಾರದೊಳಗೆ ವಾಪಸ್ ಬರುತ್ತೆ. ನಿನ್ನೆಯಿಂದ ಎಷ್ಟು ಸಲ ಕುಡೀತು? ಎಷ್ಟು ಸಲ ಒಂದಕ್ಕೆ ಹೋಯ್ತು?’ ಎಂದು ಅವಳು ಕೇಳಿದಳು.

ನಾನು ಒಂಬತ್ತು ಅಂದೆ. ಅಮ್ಮ ಏಳು ಅಂದಳು. ಅಜ್ಜಿ, ‘ಯಾವಾಗ್ಲೂ ಕುಡೀತಾನೇ ಅದೆ’ ಅಂದಳು. ಬಾಗಿಲ ಪರದೆಯಾಚೆಯಿಂದ ಅಪ್ಪ ಕೆಮ್ಮಿದರು. ಒಂದು ಕೈ ಮಾತ್ರ ಒಳಗೆ ಬಂತು, ಕೈಯಲ್ಲಿ ಸಂಘದ ಹಳೆಯ ಹಾಲಿನ ಪಾಸ್‌ಬುಕ್ಕು. ‘ಬೆಳಿಗ್ಗೆ’, ‘ಸಂಜೆ’ ಎಂದು ಎರಡೇ ಕಾಲಂ ಇದ್ದಲ್ಲಿ ಸ್ಕೇಲು ಇಟ್ಟು ಹತ್ತು ಹನ್ನೆರಡು ಗೆರೆ ಎಳೆದಿದ್ದರು. ಮಗು ಅತ್ತಾಗಲೆಲ್ಲ ನಡುಮನೆಯಲ್ಲಿ ಕೂತು ಗಡಿಯಾರ ನೋಡಿ ಬರೆದ ಹೊತ್ತುಗಳು, ರಾತ್ರಿ ಎರಡೂ ಹತ್ತರದೂ ಸೇರಿ.

ಆಶಾ ಕಾರ್ಯಕರ್ತೆ ಬೆರಳಿಟ್ಟು ಎಣಿಸಿದಳು. ‘ಹನ್ನೊಂದು. ಭೇಷ್. ಇಲ್ಲಿ ಫ್ಯಾಟು ಅಂತಿದೆಯಲ್ಲ ಸಾರ್, ಅಲ್ಲೇನು ಬರೆದಿದೀರ? ಎರಡು, ಎರಡು, ಮೂರು...’

‘ಒಂದಕ್ಕೆ ಹೋಗಿದ್ದು’ ಅಂತು ಪರದೆ. ‘ಕೆಳಗೆ ಪರೀಕ್ಷಿಸಿದವರ ಸಹಿ ಅಂತ ಅದೆ, ಅಲ್ಲಿ ನೀವೊಂದು ಹಾಕಿಬಿಡಿ ತಾಯಿ. ನಾಳೆ ಆಡಿಟ್‌ಗೆ ಬೀಗರು ಬರ್ತಾರೆ.’