ಮೂಗಿಗಿಂತ ಭಾರದ ಮೂಗುತಿ

ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1981ರ ಮಾರ್ಚಿನಲ್ಲಿ ಹೊರತಂದ ಝಡ್‌ಎಕ್ಸ್81 ಎಂಬ ಮನೆ ಕಂಪ್ಯೂಟರಿನ ಬರೆಯಲು ಸಿಗುವ ನೆನಪು (ರಾಮ್) 1 ಕಿಲೋಬೈಟ್, ಅಂದರೆ 1,024 ಅಕ್ಷರಗಳಷ್ಟು. ಪರದೆಯ 24 ಸಾಲುಗಳನ್ನೂ ತುಂಬಿಸಿದರೆ ಅದರ ಮುಕ್ಕಾಲು ಪಾಲು ಅಲ್ಲಿಗೇ ಖರ್ಚು. ಬಿಡಿಭಾಗಗಳ ಕಿಟ್‌ಗೆ 49.95 ಪೌಂಡು, ನೆನಪನ್ನು 16 ಕಿಲೋಬೈಟಿಗೆ ಏರಿಸುವ ಕಪ್ಪು ಡಬ್ಬಿಗೂ ಅಷ್ಟೇ. ಮೂಗಿನ ಬೆಲೆಗೇ ಮೂಗುತಿ! ಕಿಟ್ ಜೋಡಿಸಿ ಕೈ ಪಳಗಿಸಿಕೊಂಡವರು ಮೂಗುತಿಯನ್ನೂ ತಾವೇ ಮಾಡಿಕೊಳ್ಳಲು ಹೊರಟದ್ದರಲ್ಲಿ ಆಶ್ಚರ್ಯವಿಲ್ಲ.

ಯಂತ್ರದ ಬೆನ್ನಿನಲ್ಲಿ ಸರ್ಕ್ಯೂಟ್ ಬೋರ್ಡಿನ ಅಂಚೇ ಹೊರಗೆ ಇಣುಕುತ್ತದೆ. ಝಡ್80 ಪ್ರೊಸೆಸರಿನ 16 ವಿಳಾಸದ ಗೆರೆಗಳು, ದತ್ತಾಂಶದ 8 ಗೆರೆಗಳು ಎಲ್ಲವೂ ಅಲ್ಲಿ ಬಟಾಬಯಲು. 5 ವೋಲ್ಟಿನ ಗೆರೆ ಮತ್ತು 9 ವೋಲ್ಟಿನ ಗೆರೆ ಅಕ್ಕಪಕ್ಕದ ಮನೆಯವು. ಬೆಸುಗೆಯ ಒಂದು ಹನಿ ನಡುವೆ ಬಿದ್ದು ಇವೆರಡಕ್ಕೂ ನಂಟು ಬೆಳೆದರೆ, ಒಳಗಿನ ಚಿಪ್ಪುಗಳು ಒಟ್ಟಾಗಿ ಕೈಲಾಸ ಸೇರುತ್ತವೆ.

ಇದರ ಬೇಸಿಕ್ ಭಾಷೆಯಲ್ಲಿ ಹೊರಗಿನ ಸಾಧನಗಳೊಡನೆ ಮಾತಾಡುವ ಆಜ್ಞೆಯೇ ಇಲ್ಲ. ಹಾಗಾಗಿ ಸಾಧನವನ್ನೇ ನೆನಪಿನ ಒಂದು ಮನೆಯೆಂದು ನಂಬಿಸಬೇಕು. ಅದಕ್ಕೆ ಅನುಕೂಲವೂ ಉಂಟು: 8 ಕಿಲೋಬೈಟಿನ ರಾಮ್... ಅಲ್ಲ, ಓದಲಷ್ಟೇ ಬರುವ ಕಾಯಂ ನೆನಪಾದ ರೋಮ್, ತನ್ನ ಜಾಗ ಮುಗಿದ ಮೇಲೂ 8192ನೇ ವಿಳಾಸದಿಂದ ಮತ್ತೊಮ್ಮೆ ಮೊದಲಿನಿಂದ ಕಾಣಿಸಿಕೊಳ್ಳುತ್ತದೆ. (ಈ ಎರಡು ಹೆಸರುಗಳಲ್ಲಿ ಎಡವದ ಹವ್ಯಾಸಿ ಇಲ್ಲ.) ಆ ಪುನರಾವರ್ತನೆಯ ಬಾಯಿ ಮುಚ್ಚಿಸಲು, ಆ ವಿಳಾಸಗಳು ಬಂದಾಗ ಮಾತ್ರ ರೋಮನ್ನು ಆಯ್ಕೆ ಮಾಡುವ ಗೆರೆಯನ್ನು 5 ವೋಲ್ಟಿಗೆ ಎಳೆದರಾಯಿತು. ತೆರವಾದ ವಿಳಾಸದಲ್ಲಿ ಒಂದೆರಡು ಲಾಜಿಕ್ ಚಿಪ್ಪು, ಒಂದು ಟ್ರಾನ್ಸಿಸ್ಟರ್, ಒಂದು ರಿಲೇ. ನೆನಪಿನ ಮನೆಗೆ ಅಂಕಿ ಬರೆಯುವ ‘ಪೋಕ್’ ಆಜ್ಞೆ ಟೈಪಿಸಿ ಆ ವಿಳಾಸ, ಒಂದು ಅಂಕಿ ಕೊಟ್ಟರೆ ರಿಲೇ ಟಿಕ್ ಎನ್ನುತ್ತದೆ, ಮೇಜಿನ ದೀಪ ಹತ್ತುತ್ತದೆ. ಸ್ವಿಚ್ಚು ಒತ್ತಿದರೆ ಆಗುತ್ತಿದ್ದ ಕೆಲಸವೇ. ಆದರೆ ಸ್ವಿಚ್ಚು ಒತ್ತಿದವರಿಗೆ ಮನೆಮಂದಿಯನ್ನೆಲ್ಲ ಕರೆದು ತೋರಿಸುವ ಸಂಭ್ರಮವಿಲ್ಲ.

ದೀಪದ ನಂತರ ಧ್ವನಿಯ ಚಿಪ್ಪು, ಆಮೇಲೆ ಹಳೆಯ ಯಂತ್ರದಿಂದ ಕಿತ್ತ ನಿಜವಾದ ಕೀಬೋರ್ಡು. ಸೇರಿಸಿದ ಪ್ರತಿ ಚಿಪ್ಪೂ ಒಳಗಿನ ವೋಲ್ಟೇಜ್ ರೆಗ್ಯುಲೇಟರಿನ ಬಿಸಿ ಏರಿಸುತ್ತದೆ. ಬೆನ್ನಿನ ಗಂಟು ಉದ್ದವಾದಷ್ಟೂ ಅಲುಗಾಟವೂ ಹೆಚ್ಚು. ಕಂಪನಿಯ ಡಬ್ಬಿಯೇ ಕೀಲಿ ಒತ್ತಿದ ಕಂಪನಕ್ಕೆ ಅಲ್ಲಾಡಿ ಬರೆದದ್ದನ್ನೆಲ್ಲ ಅಳಿಸಿಬಿಡುತ್ತಿತ್ತು. ಅದಕ್ಕೆ ಬಳಕೆದಾರರು ಕಂಡುಕೊಂಡ ಮದ್ದು, ಗೋಡೆಗೆ ಚಿತ್ರ ಅಂಟಿಸುವ ಬ್ಲೂ ಟ್ಯಾಕ್.

ಇಷ್ಟಾದರೂ ಯಂತ್ರಕ್ಕೆ ಆನ್-ಆಫ್ ಸ್ವಿಚ್ಚಿಲ್ಲ. ಆರಿಸಬೇಕೆಂದರೆ ವೈರನ್ನೇ ಕೀಳಬೇಕು. ಸ್ವಿಚ್ಚು ಕೂರಿಸಲು ಬೇಕಾದದ್ದು ಒಂದು ತೂತು, ಎರಡು ಬೆಸುಗೆ. ರಿಲೇ, ಧ್ವನಿ, ಕೀಬೋರ್ಡು ಮುಗಿದು ಅದರ ಸರದಿ ಬರುವಷ್ಟರಲ್ಲಿ, ತೂತು ಕೊರೆಯಲು ಪೆಟ್ಟಿಗೆಯಲ್ಲಿ ಜಾಗ ಉಳಿದಿರುವುದಿಲ್ಲ.