ಒಂದು ಒತ್ತಕ್ಷರದ ಕತ್ತೆ

ಬರೆದದ್ದನ್ನು ಇನ್ನೊಮ್ಮೆ ಓದುವುದೆಂದರೆ ನನಗೆ ಉಂಡ ಎಲೆ ಎತ್ತಿದಷ್ಟು ಬೇಸರ. ನಿಮಗೂ ಹಾಗೇ ಅಲ್ಲವೇ? ಒಪ್ಪಿಕೊಳ್ಳಿ, ಇಲ್ಲಿ ನಾವಿಬ್ಬರೇ ಇದ್ದೇವೆ.

ಮೊದಲ ಪೆಟ್ಟು ಬಿದ್ದದ್ದು ರಜೆ ಅರ್ಜಿಯಲ್ಲಿ. ನನ್ನ ಕೈಬರಹದಲ್ಲಿ ‘ರ’ಕ್ಕೂ ‘ಸ’ಕ್ಕೂ ಅವಳಿ ಮಕ್ಕಳ ಹೋಲಿಕೆ. “ತಂಗಿಯ ಮದುವೆ ಪ್ರಯುಕ್ತ ಮೂರು ದಿನ ಸಜೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ” ಎಂದು ಬರೆದುಕೊಟ್ಟೆ. ಸಾಹೇಬರು ಕನ್ನಡಕ ಒರೆಸಿಕೊಂಡು, “ಮೂರೇ ದಿನ ಸಾಕೇನ್ರೀ?” ಎಂದರು.

ಆಮೇಲೆ ಕತೆ ಬರೆಯುವ ಚಟ ಹತ್ತಿತು. ವಾರಪತ್ರಿಕೆಯೊಂದಕ್ಕೆ ಕಳಿಸಿದ ಮೊದಲ ಕತೆಯ ಜೊತೆ ಪತ್ರ ಇಟ್ಟೆ: “ಮಾನ್ಯರೇ, ಈ ಕತ್ತೆ ನನ್ನ ಸ್ವಂತದ್ದು. ಅನುವಾದವಲ್ಲ. ಬೇರೆಲ್ಲೂ ಕಳಿಸಿಲ್ಲ. ಒಪ್ಪಿಗೆಯಾಗದಿದ್ದರೆ ಕತ್ತೆಯನ್ನು ಹಿಂದಿರುಗಿಸಲು ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟಿದ್ದೇನೆ.” ಎಂಟೇ ದಿನಕ್ಕೆ ಕತ್ತೆ ಮನೆಗೆ ಬಂತು. ಕಿಟೆಲ್ ಅವರು ಜರ್ಮನಿಯಿಂದ ಬಂದು ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಹೊರತಂದರು. ಮಂಡ್ಯದಲ್ಲಿ ಹುಟ್ಟಿದ ನನಗೆ ಒಂದು ತ-ಒತ್ತು ಹತೋಟಿಗೆ ಬರಲಿಲ್ಲ!

ಇನ್ನು ಕಂಪ್ಯೂಟರ್ ಕಾಪಾಡುತ್ತದೆ ಅಂದುಕೊಂಡೆ. ಅದೋ, ತನಗೆ ಗೊತ್ತಿಲ್ಲದ ಪದಕ್ಕಷ್ಟೇ ಕೆಂಪು ಗೆರೆ ಎಳೆಯುತ್ತದೆ. ದನವೂ ಗೊತ್ತು, ಧನವೂ ಗೊತ್ತು. ನನಗೆ ಬೇಕಾದದ್ದು ಯಾವುದೆಂದು ಅದಕ್ಕೇನು ಗೊತ್ತು? ನಮ್ಮ ಬೀದಿಯ ರಾಜ್ಯೋತ್ಸವದ ಕರಪತ್ರ 500 ಪ್ರತಿ ಅಚ್ಚಾಗಿ ಬಂತು: “ದಾನಿಗಳು ಧಾರಾಳವಾಗಿ ದನ ಸಹಾಯ ಮಾಡಬೇಕು.” ಧಾರಾಳಕ್ಕೆ ಧಾರಾಳವಾಗಿ ಸುರಿದ ಮಹಾಪ್ರಾಣ, ಧನದ ಹೊತ್ತಿಗೆ ಖಾಲಿ! ಡೇರಿ ಮುಂದೆ ಹಿರಿಯರೊಬ್ಬರು ತಡೆದು ಕೇಳಿದರು: “ಕರೆಯೋ ಹಸು ಕೊಡ್ಲೋ, ಗಬ್ಬದ ಹಸು ಕೊಡ್ಲೋ?”

ಇಷ್ಟಾದರೂ ಬುದ್ಧಿ ಬಂತೇ? ನಮ್ಮ ಮೇಷ್ಟ್ರ ನಿವೃತ್ತಿಗೆ ಅಭಿನಂದನಾ ಪತ್ರ ಬರೆಯುವ ಹೊಣೆ ಹೊತ್ತೆ. ನನ್ನ ನಾಲಗೆಗೆ ‘ಹ’ಕಾರ ಒಗ್ಗದು, ಅಂದು ಕೈಯೂ ನಾಲಗೆಯ ಮಾತು ಕೇಳಿತು. ಕಟ್ಟು ಹಾಕಿಸಿದ ಪತ್ರವನ್ನು ನಿರೂಪಕರು ಮೈಕಿನಲ್ಲಿ ಇದ್ದದ್ದು ಇದ್ದ ಹಾಗೇ ಓದಿದರು: “ಪೂಜ್ಯರೇ, ತಮಗೆ ಭಕ್ತಿಯಿಂದ ಶಾಲು ಒದೆಸಿ ಧನ್ಯರಾಗುತ್ತಿದ್ದೇವೆ.” ಶಾಲು ಹಿಡಿದು ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಶಾಮಿಯಾನದ ಕಂಬವಾಗಿಬಿಡಲು ಪ್ರಯತ್ನಿಸಿದೆ.

ಮೇಷ್ಟ್ರು ನಕ್ಕು, ಜೇಬಿನಿಂದ ಕೆಂಪು ಪೆನ್ನು ತೆಗೆದು ಗಾಜಿನ ಮೇಲೇ ಸುತ್ತು ಹಾಕಿದರು. “ನಾಲ್ಕನೇ ಕ್ಲಾಸಿಂದ ಹೇಳ್ತಿದ್ದೀನಿ, ಬರೆದಿದ್ದನ್ನ ಓದಯ್ಯ! ಬರೆದವನ ಕಣ್ಣಿಗೆ ಬರೆದಿದ್ದು ಕಾಣಲ್ಲ, ಅಂದುಕೊಂಡಿದ್ದು ಕಾಣುತ್ತೆ. ಒಂದು ರಾತ್ರಿ ಮಗ್ಗುಲಿಗಿಟ್ಟು, ಬೆಳಿಗ್ಗೆ ಗಟ್ಟಿಯಾಗಿ ಓದು.”

ಈ ಲೇಖನವನ್ನು ಹಾಗೇ ಮಾಡಿದೆ. ರಾತ್ರಿ ಮಲಗಿಸಿದೆ, ಬೆಳಿಗ್ಗೆ ಪಕ್ಕದ ಮನೆಯವರು ಎದ್ದು ಬರುವಷ್ಟು ಗಟ್ಟಿಯಾಗಿ ಓದಿದೆ, ಕೊನೇ ಸಾಲಿನಿಂದ ಮೇಲಕ್ಕೂ ಓದಿದೆ. ಎದೆಯುಬ್ಬಿಸಿ ಹೆಂಡತಿಯ ಕೈಗಿಟ್ಟೆ. ಎಲ್ಲ ನೋಡಿ, ರುಜುವಿನ ಕೆಳಗೆ ಬೆರಳಿಟ್ಟಳು: ‘ಕತ್ತೆಗಾರ’.

ನಾನು ಪೆನ್ನಿಗೆ ತಡಕಾಡಿದೆ.

“ಇರಲಿ ಬಿಡಿ ರೀ,” ಅಂದಳು, “ಅದೊಂದು ಸರಿಯಾಗೇ ಇದೆ.”